ಬುಧವಾರದ ಇಪ್ಪತ್ತೈದು ನಿಮಿಷ

ಅಣ್ಣಾ,

ಹೇಗಿದ್ದೀಯ ಎಂದು ಕೇಳಿ ಶುರುಮಾಡುವ ಮುಖ ನನಗಿಲ್ಲ. ಹೇಗಿದ್ದೀಯೆಂದು ದಿನಾ ಸಂಜೆ ನೋಡಿಕೊಂಡೇ ಬರುತ್ತಿದ್ದೇನೆ. ಬಲಗೈ ಎದೆಗೆ ಕಟ್ಟಿಸಿಕೊಂಡು, ಮೂರು ದಿಂಬಿಗೆ ಒರಗಿ ಕೂತಿರುತ್ತೀಯ. ಕೆಮ್ಮು ಬಂದರೆ ಕಣ್ಣು ಮುಚ್ಚಿ ತಡೆದುಕೊಳ್ಳುತ್ತೀಯ. ನಾನು ಒಳಗೆ ಬಂದ ಕೂಡಲೇ ನಗುತ್ತೀಯ. ಆ ನಗುವಿನ ಎದುರು ಕೂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಕೈಯಲ್ಲಿ ಹಿಡಿಯಲು ಆಗಲೆಂದು ಸಣ್ಣ ಹಾಳೆಗಳನ್ನು ಆರಿಸಿಕೊಂಡೆ. ಅತ್ತಿಗೆ ಓದಿ ಹೇಳುವುದು ಬೇಡ. ನೀನೇ ಓದು.

ಶರತ್ಕಾಲ ಕಾಲಿಟ್ಟಾಗಿನಿಂದ ನಮ್ಮ ಹವಾಮಾನ ಕಚೇರಿಯಲ್ಲಿ ಒಂದೇ ಸಾಲನ್ನು ಬರೆದೂ ಬರೆದೂ ಕೈ ಸೋತಿತ್ತು. 'ವಾತಾವರಣ ಅಸ್ಥಿರ. ಮಧ್ಯಾಹ್ನದ ನಂತರ ಅಲ್ಲಲ್ಲಿ ಗುಡುಗು ಸಹಿತ ಮಳೆ, ಬಿರುಗಾಳಿ ಸಾಧ್ಯತೆ.' ಬೆಳಿಗ್ಗೆ ಕಣ್ಣು ಕೋರೈಸುವ ಬಿಸಿಲು, ಸಂಜೆಯಾದರೆ ಯಾವುದೋ ಒಂದು ಬೀದಿಗೆ ಹೊಳೆಯಂಥ ನೀರು, ಪಕ್ಕದ ಬೀದಿಗೆ ಹನಿಯೂ ಇಲ್ಲ. ನೀನು ಫೋನಿನಲ್ಲಿ ಕಿಚಾಯಿಸುತ್ತಿದ್ದೆ. "ಅಲ್ಲಲ್ಲಿ ಅಂದ್ರೆ ಎಲ್ಲಿ, ಗುಬ್ಬಿ? ನನ್ನ ತಲೆ ಮೇಲೋ, ಪಕ್ಕದವನ ತಲೆ ಮೇಲೋ? ಅಷ್ಟು ಹೇಳಿದ್ರೆ ನಾನು ಪಕ್ಕಕ್ಕೆ ಹೋಗಿ ನಿಂತ್ಕೋತೀನಿ."

ಆದರೆ ನಿನಗದು ತಮಾಷೆಯ ಮಾತಾಗಿರಲಿಲ್ಲ. ಗ್ರಂಥಾಲಯದ ಮಾಡಿನ ಹಳೆಯ ತಗಡು ತೆಗೆದು ಹೊಸದು ಹೊದಿಸುವ ಕೆಲಸ ಹದಿನೆಂಟು ದಿನದಿಂದ ನಿಂತಿತ್ತು. ಒಂದು ಪೂರ್ತಿ ಒಣ ಹಗಲು ಸಿಕ್ಕರೆ ಪಶ್ಚಿಮದ ಅರ್ಧ ಮುಗಿಸಿಬಿಡುತ್ತೇನೆ ಎನ್ನುತ್ತಿದ್ದೆ. ಮಂಗಳವಾರ ಸಂಜೆ ನೀನೇ ಫೋನ್ ಮಾಡಿದೆ. ನಿನ್ನ ದನಿಯಲ್ಲಿ ದಣಿವಿತ್ತು. "ಕಚೇರಿ ಭಾಷೆ ಬೇಡಮ್ಮ. ತಂಗಿಯಾಗಿ ಹೇಳು. ನಾಳೆ ಬಿಚ್ಚಲಾ, ಬೇಡ್ವಾ?"

ಪ್ರಕಟಣೆಯಲ್ಲಿ ಬರೆದದ್ದಕ್ಕಿಂತ ಒಂದು ಅಕ್ಷರವನ್ನೂ ಹೆಚ್ಚಾಗಿ ಯಾರಿಗೂ ಹೇಳಬಾರದು ಎಂಬುದು ನಮ್ಮ ಕಚೇರಿಯ ಮೊದಲ ನಿಯಮ. ಅದು ನಿನಗೂ ಗೊತ್ತು. ಅಂದು ಸಂಜೆಯ ಪ್ರಕಟಣೆಯಲ್ಲಿ 'ಮಧ್ಯಾಹ್ನದ ನಂತರ' ಎಂದು ನಾನೇ ಬರೆದಿದ್ದೆ. ಆದರೂ ನಿನಗೆ ಹೇಳಿದೆ: "ಐದು ಗಂಟೆವರೆಗೂ ಏನೂ ಆಗಲ್ಲ. ಬಿಚ್ಚು."

ಯಾಕೆ ಹೇಳಿದೆ ಎಂದು ಒಂಬತ್ತು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ನೀನು ನನಗಿಂತ ಹನ್ನೊಂದು ವರ್ಷ ದೊಡ್ಡವನು. ನನ್ನ ಪರೀಕ್ಷೆಗಳ ಕಾಲದಲ್ಲಿ ಕೆಲಸ ಬಿಟ್ಟು ಇಳಿದು ಬಂದು, ಕೈಗೆ ಅಂಟಿದ ಬಣ್ಣವನ್ನೂ ತೊಳೆಯದೆ, ನಾನು ಬಾಯಿಪಾಠ ಒಪ್ಪಿಸುವುದನ್ನು ಕೇಳುತ್ತಾ ಕೂತಿರುತ್ತಿದ್ದೆ. ಜೊತೆ ಕೆಲಸದವರಿಗೆಲ್ಲ "ನನ್ನ ತಂಗಿ ಆಕಾಶ ಓದ್ತಾಳೆ ಕಣ್ರೋ" ಎಂದು ಹೇಳಿಕೊಂಡು ತಿರುಗಿದವನು ನೀನು. ಒಮ್ಮೆಯಾದರೂ ನಿನಗೆ 'ಸಾಧ್ಯತೆ' ಎಂಬ ಪದವಿಲ್ಲದ ಉತ್ತರ ಕೊಡಬೇಕೆನ್ನಿಸಿತು. ಅಷ್ಟೇ. ಅದು ಪ್ರೀತಿಯೋ ಜಂಭವೋ, ಈಗ ಬಿಡಿಸಿ ನೋಡಲು ಆಗುತ್ತಿಲ್ಲ.

ಇಲ್ಲಿಯವರೆಗಿನದು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ.

ಬುಧವಾರ ಬೆಳಿಗ್ಗೆ ಹತ್ತೂ ಐವತ್ತಕ್ಕೆ ರೇಡಾರ್ ಪರದೆಯಲ್ಲಿ, ಗುಡ್ಡಗಳ ಆಚೆ, ಒಂದು ಸಾಲು ಮೋಡ ಕಾಣಿಸಿತು. ಮೊದಲು ಹಳದಿ ಬಣ್ಣ. ಮುಂದಿನ ಚಿತ್ರದಲ್ಲಿ ನಡುನಡುವೆ ಕೆಂಪು. ಬರುವ ವೇಗ ಲೆಕ್ಕ ಹಾಕಿದೆ. ಸಂಜೆ ಐದಲ್ಲ, ಮಧ್ಯಾಹ್ನ ಒಂದಕ್ಕೂ ಮುಂಚೆ ಊರ ಮೇಲಿರುತ್ತದೆ. ಹಿರಿಯ ಅಧಿಕಾರಿ ನನ್ನ ಹೆಗಲ ಹಿಂದೆಯೇ ನಿಂತು, "ಎಚ್ಚರಿಕೆ ಸಿದ್ಧ ಮಾಡಿ" ಎಂದರು. ಬರೆಯತೊಡಗಿದೆ. ಫೋನು ಮೇಜಿನ ಡ್ರಾಯರಿನಲ್ಲಿತ್ತು. ಶೌಚಾಲಯಕ್ಕೆ ಹೋಗುವ ನೆಪ ಹೇಳಿ ಎದ್ದಿದ್ದರೆ ಎರಡು ನಿಮಿಷದ ಮಾತು. ಏಳಲಿಲ್ಲ. ಗುಡ್ಡಕ್ಕೆ ತಾಗಿ ಸಾಲು ಒಡೆದೀತು ಎಂದುಕೊಂಡೆ. ಹಾಗೆ ಒಡೆದದ್ದನ್ನು ನೋಡಿದ್ದೇನೆ ಕೂಡ. ಇನ್ನೊಂದು ಚಿತ್ರ ಬರಲಿ ಎಂದು ಕಾದೆ. ಅದು ಬಂತು, ಸಾಲು ಒಡೆದಿರಲಿಲ್ಲ. ಮತ್ತೊಂದಕ್ಕೆ ಕಾದೆ. ಅಧಿಕಾರಿಯ ಹೆದರಿಕೆ ಇತ್ತು, ನಿಜ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. 'ಅಣ್ಣಾ, ನಾನು ಹೇಳಿದ್ದು ತಪ್ಪು' ಎಂಬ ನಾಲ್ಕು ಪದ ಹೇಳುವುದು ನನಗೆ ಬೇಡವಾಗಿತ್ತು.

ನಾನು ನಿನಗೆ ಫೋನ್ ಮಾಡಿದ್ದು ಹನ್ನೊಂದೂ ಕಾಲಿಗೆ. ಆಗಲೂ ಪೂರ್ತಿ ಹೇಳಲಿಲ್ಲ. "ಸ್ವಲ್ಪ ಬೇಗ ಬರೋ ಹಾಗಿದೆ" ಎಂದೆ. ನೀನು ಬೈಯಲಿಲ್ಲ. "ಸರಿ ಬಿಡು, ಮುಚ್ತೀವಿ" ಎಂದು ಇಟ್ಟುಬಿಟ್ಟೆ. ಅಷ್ಟು ಹೊತ್ತಿಗೆ ಅರ್ಧ ಮಾಡು ತೊಲೆಗಳೆದ್ದು ಕಾಣುವಂತೆ ಬಯಲಾಗಿತ್ತಂತೆ. ಅದನ್ನು ಟಾರ್ಪಾಲಿನಿಂದ ಮುಚ್ಚಿ ಬಿಗಿಯಲು ಒಂದು ಗಂಟೆಗೂ ಹೆಚ್ಚು ಬೇಕು. ಹನ್ನೆರಡೂ ಹತ್ತಕ್ಕೆ ಮೊದಲ ಗಾಳಿ ಬಂತು. ಮೂರು ಅಂಚು ಕಟ್ಟಿ ಆಗಿತ್ತು. ನಾಲ್ಕನೆಯದು ಎದ್ದು ಬಡಿಯತೊಡಗಿದಾಗ ನೀನು ಅದರ ಮೇಲೆ ಬೋರಲು ಬಿದ್ದು ಹಿಡಿದೆಯಂತೆ. ಇನ್ನೊಂದು ಇಪ್ಪತ್ತೈದು ನಿಮಿಷ ಇದ್ದಿದ್ದರೆ ಆ ಅಂಚೂ ಕಟ್ಟಿ ಮುಗಿದು, ನೀನು ಕೆಳಗಿಳಿದಿರುತ್ತಿದ್ದೆ.

ಅದೇ ಹೊತ್ತಿಗೆ ನಾನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಗ್ರಂಥಾಲಯ ಇರುವ ಚೌಕದ ಮೇಲೆ ಕೆಂಪು ಬಣ್ಣ ತೆವಳಿಕೊಂಡು ಬರುವುದನ್ನು ನೋಡುತ್ತಿದ್ದೆ. ಎದ್ದು ಹೋಗುವಂತಿರಲಿಲ್ಲ, ಆಸ್ಪತ್ರೆ, ರೈಲು, ಶಾಲೆಗಳಿಗೆಲ್ಲ ಎಚ್ಚರಿಕೆ ಹೋಗಬೇಕಿತ್ತು. ಒಂದು ಕೈಯಲ್ಲಿ ಅದನ್ನು ಕಳಿಸುತ್ತಾ ಇನ್ನೊಂದು ಕೈಯಲ್ಲಿ, ಯಾರು ನೋಡಿದರೂ ನೋಡಲಿ ಎಂದು, ನಿನ್ನ ನಂಬರು ಒತ್ತುತ್ತಿದ್ದೆ. ಹನ್ನೊಂದು ಸಲ. ಹನ್ನೆರಡನೆಯದನ್ನು ಗ್ರಂಥಪಾಲಕಿ ಎತ್ತಿದರು. "ನಿಮ್ಮಣ್ಣ ಮಾಡಿನಿಂದ ಬಿದ್ದಿದ್ದಾರೆ. ಎಚ್ಚರ ಇದೆ. ಟಾರ್ಪಾಲಿಗೆ ಬಾಯಿಗೆ ಬಂದ ಹಾಗೆ ಬೈತಿದ್ದಾರೆ. ಅದೊಂದೇ ನಮಗೆ ಧೈರ್ಯ."

ಮರುದಿನ ಆಸ್ಪತ್ರೆಗೆ ಕಟ್ಟಡದ ಇಂಜಿನಿಯರ್ ಬಂದರು. ಎರಡು ಕಪಾಟು ಪುಸ್ತಕ ನೆನೆದು ಹೋಗಿತ್ತು. "ಮಧ್ಯಾಹ್ನ ಮಳೆ ಅಂತ ಪ್ರಕಟಣೆ ಇತ್ತಲ್ಲಪ್ಪ, ಯಾಕೆ ಬಿಚ್ಚಿದೆ?" ಎಂದು ಕೇಳಿದರು. ನಾನು ಹಾಸಿಗೆಯ ಪಕ್ಕ ಫ್ಲಾಸ್ಕಿನ ಮುಚ್ಚಳ ಹಿಡಿದು ನಿಂತಿದ್ದೆ. ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಓದಿರ್ಲಿಲ್ಲ ಸಾರ್. ನನ್ನದೇ ತಪ್ಪು" ಎಂದೆ. ಆ ಕೆಲಸ ಬೇರೆಯವರ ಪಾಲಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮಾಡನ್ನೂ ಅರ್ಧಕ್ಕೆ ಬಿಟ್ಟವನಲ್ಲ ನೀನು. ನಾನು ಫ್ಲಾಸ್ಕಿಗೆ ಮುಚ್ಚಳ ಹಾಕಿದೆ. ನಾನು ಮಾಡಿದ್ದು ಅಷ್ಟೇ.

ನಿನ್ನೆ ಅಧಿಕಾರಿಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಮಂಗಳವಾರದ ಮಾತು, ಬುಧವಾರದ ಇಪ್ಪತ್ತೈದು ನಿಮಿಷ, ಎರಡನ್ನೂ. ಅವರು ಒಂದು ಖಾಲಿ ಹಾಳೆಯನ್ನು ನನ್ನತ್ತ ತಳ್ಳಿ, "ಬರೆದು ಕೊಡಿ" ಎಂದರು. ಬರೆದು ಕೊಟ್ಟೆ. ಅದರ ಒಂದು ಪ್ರತಿಯನ್ನು ಇಂಜಿನಿಯರ್ ಅವರಿಗೂ ಕಳಿಸಿದ್ದೇನೆ. ಸೋಮವಾರದಿಂದ ನನ್ನನ್ನು ಮುನ್ಸೂಚನೆಯಿಂದ ತೆಗೆದು ಹಳೆಯ ದಾಖಲೆಗಳ ಕೋಣೆಗೆ ಹಾಕಿದ್ದಾರೆ. ಮುಂದಿನದು ವಿಚಾರಣೆಯ ನಂತರ. ನೀನು ನನಗಾಗಿ ಹೇಳಿದ ಸುಳ್ಳನ್ನು ನಿನ್ನನ್ನು ಕೇಳದೆ ಮುರಿದೆ. ಅದಕ್ಕೂ ನಿನಗೆ ಸಿಟ್ಟು ಬರಬಹುದು.

ಅತ್ತಿಗೆಗೆ ನಿನ್ನೆ ಅಡುಗೆಮನೆಯಲ್ಲಿ ಹೇಳಿದೆ. ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, "ಇದನ್ನ ನಾನು ಅವರಿಗೆ ಹೇಳಲ್ಲ. ನೀನೇ ಹೇಳ್ಬೇಕು" ಎಂದರು. ನನಗೆ ಊಟಕ್ಕೆ ಹೇಳಲಿಲ್ಲ. ಅವರದು ಸರಿ.

ಇವತ್ತು, ನಾಳೆ ಬರುವುದಿಲ್ಲ. ಓದಿ, ಬೈದು, ಬೇಕಿದ್ದರೆ ಹರಿದು ಹಾಕಲು ನಿನಗೆ ಸಮಯವಿರಲಿ. ಭಾನುವಾರ ಬೆಳಿಗ್ಗೆ ಬರುತ್ತೇನೆ. ಮುಖ ನೋಡುವುದು ಬೇಡವೆನಿಸಿದರೆ ಬಾಗಿಲು ತೆಗೆಯದಿರಲು ಹೇಳು. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತು ಎದ್ದು ಹೋಗುತ್ತೇನೆ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ಬಾಗಿಲು ತೆಗೆದರೆ, ದಯವಿಟ್ಟು ನಗಬೇಡ ಅಣ್ಣ. ಮೊದಲು ಬೈ.

ನಿನ್ನ ಮೂಳೆ ನೆಟ್ಟಗೆ ಕೂಡಲಿ. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ನೋವಾಗದಿರಲಿ.

ನಿನ್ನ ತಂಗಿ,
ಗುಬ್ಬಿ