ಗೊಬ್ಬರದೊಳಗಿನ ಗಾಜು

ಜೂನ್ ೧೧, ೧೯೭೮. ಭಾನುವಾರ

ನಿನ್ನೆ ಬೆಳಿಗ್ಗೆ ವಿಮಲಳ ಅಂಗಾಲಿಗೆ ಗಾಜು ಹೊಕ್ಕಿತು. ಒಡೆದ ಇಂಜೆಕ್ಷನ್ ಸೀಸೆ. ಬಂದದ್ದು ನಮ್ಮೂರ ಪುರಸಭೆ ಹರಾಜು ಹಾಕಿದ ಕಸದ ಗೊಬ್ಬರದಿಂದ. ಪೇಟೆಯ ಕಸ, ನರ್ಸಿಂಗ್ ಹೋಮಿನ ಕಸ, ಎಲ್ಲ ಒಂದೇ ಗುಂಡಿಗೆ. ಕೊಳೆತ ಮೇಲೆ ಗಾಡಿ ಲೆಕ್ಕದಲ್ಲಿ ರೈತರಿಗೆ. ಹಿತ್ತಲ ಬದನೆ ಪಾತಿಗೆ ಒಂದು ಗಾಡಿ ಹೊಡೆಸಿದ್ದೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಇವಳು ಚಪ್ಪಲಿ ಕಳಚದೆ ಪಾತಿಗೆ ಇಳಿಯುವವಳಲ್ಲ. ಅನ್ನ ಕೊಡುವ ಮಣ್ಣನ್ನು ಚಪ್ಪಲಿಯಲ್ಲಿ ತುಳಿಯಬಾರದಂತೆ.

ಸುಣ್ಣ, ಅರಿಸಿನ ಮೆತ್ತಿಕೊಂಡಳು. ತರೀಕೆರೆಗೆ ಹೋಗಿ ಧನುರ್ವಾಯು ಇಂಜೆಕ್ಷನ್ ಹಾಕಿಸೋಣ ಎಂದೆ.

"ಚುಚ್ಚಿದ್ದೇ ಅದು. ಮತ್ತೆ ಅದ್ನೇ ಚುಚ್ಚಿಸ್ಕಬೇಕಾ? ಸುಮ್ನಿರ್ರೀ."

ನಕ್ಕಳು. ನನಗೆ ನಗು ಬರಲಿಲ್ಲ.

ಜೂನ್ ೧೨

ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ಮುಂದೆ ಸೀಸೆಯ ಚೂರು ಇಟ್ಟೆ. ಇಂಗ್ಲೆಂಡಿನ ಸುದ್ದಿ ಹೇಳಿದೆ — ೧೯೭೨ರಲ್ಲಿ ಮಕ್ಕಳು ಆಡುವ ಜಾಗದಲ್ಲಿ ಸಯನೈಡ್ ಡ್ರಮ್ಮುಗಳು ಸಿಕ್ಕವು. ಪತ್ರಿಕೆಗಳು ಕೂಗಾಡಿದವು. ಕೆಲವೇ ವಾರಗಳಲ್ಲಿ ಕಾಯ್ದೆ. ವಿಷದ ಕಸ ಎಲ್ಲಿ ಸುರಿಯುತ್ತೀರೆಂದು ಮೊದಲೇ ತಿಳಿಸಬೇಕು. ಆಮೇಲೆ ಸುರಿಯುವ ಜಾಗಕ್ಕೂ ಲೈಸೆನ್ಸ್. ನಮ್ಮಲ್ಲಿ ನೀರಿಗೆ ಕಾಯ್ದೆ ಬಂತು, ೭೪ರಲ್ಲಿ. ಕಸಕ್ಕೆ?

"ಜಯದೇವಪ್ಪೋರೇ, ಇಂಗ್ಲೆಂಡ್ ಕಸಕ್ಕೆ ಇಂಗ್ಲಿಷ್ ಬತ್ತದೆ, ಕಾಯ್ದೆ ಓದ್ಕಂತದೆ. ನಮ್ಮೂರ ಕಸ ಹೆಬ್ಬೆಟ್ಟು ಕಣ್ರೀ!"

ಗುಮಾಸ್ತರೆಲ್ಲ ನಕ್ಕರು. ನಮಗೆ ಗೊಬ್ಬರ ಹೊಡೆದ ಗಾಡಿ ಸಣ್ಣಬೀರಪ್ಪನೂ ಅಲ್ಲೇ ಇದ್ದ, ಅವನೂ ನಕ್ಕ. "ನಮ್ ಹೊಲಕ್ಕೂ ಅದೇ ಗೊಬ್ರ ಸ್ವಾಮಿ, ಏನಾಗೈತೆ?"

ದಾರಿಯಲ್ಲಿ ಹೊಳೆಯಿತು. ಇಂಗ್ಲೆಂಡಿನಲ್ಲಿ ಹೊಲದ ಕೂಲಿಯ ಕಾಲಲ್ಲೂ ಬೂಟು. ಆದರೂ ಅವರಿಗೆ ಕಾಯ್ದೆ ಬೇಕೆನಿಸಿತು. ಇಲ್ಲಿ ಇಡೀ ತಾಲ್ಲೂಕು ಬರಿಗಾಲು.

ಜೂನ್ ೧೩

ವಿಮಲಳನ್ನು ಗದರಿ ತರೀಕೆರೆ ಬಸ್ಸು ಹತ್ತಿಸಿದೆ. ಇಂಜೆಕ್ಷನ್ ಆಯಿತು. "ತಡ ಮಾಡಿಬಿಟ್ರಲ್ರೀ" ಎಂದರು ಡಾಕ್ಟರು, ಮೆಲ್ಲಗೆ. ಅವಳಿಗೆ ಕೇಳಿಸಲಿಲ್ಲ.

ಜೂನ್ ೧೮, ಬೆಳಿಗ್ಗೆ

ಗಾಯ ಮಾಯುತ್ತಿದೆ. ಆದರೂ ಧನುರ್ವಾಯು ದವಡೆಯಿಂದ ಶುರುವಾಗುತ್ತದಂತೆ, ಪ್ರತಿ ಊಟಕ್ಕೂ ಅವಳ ಬಾಯನ್ನೇ ನೋಡುತ್ತೇನೆ.

"ಏನ್ರೀ, ನನ್ ತುತ್ತು ಎಣಿಸ್ತಾ ಕೂತಿದೀರಾ?"

ಸಂಜೆ

ಮುದ್ದೆ ಮುರಿದಳು. ಬಾಯಿ ತೆರೆಯಲಾಗಲಿಲ್ಲ. "ದವಡೆ ಹಿಡ್ಕಂಡೈತೆ..." ಹಲ್ಲಿನ ಸಂದಿಯಿಂದ ಹೇಳಿದಳು. ನಗುವವಳಂತೆ ಕಾಣುತ್ತಿದ್ದಳು. ನಗುತ್ತಿರಲಿಲ್ಲ.

ಜೂನ್ ೨೧. ಶಿವಮೊಗ್ಗ, ಆಸ್ಪತ್ರೆ

ಕಿಟಕಿಗೆ ಕಪ್ಪು ಬಟ್ಟೆ. ಬೆಳಕು ಬೀಳಬಾರದು, ಸದ್ದಾಗಬಾರದು. ಯಾರೋ ಲೋಟ ಬೀಳಿಸಿದರು — ಅವಳ ಬೆನ್ನು ಬಿಲ್ಲಿನಂತೆ ಬಾಗಿತು. ಕಣ್ಣು ಮಾತ್ರ ನನ್ನ ಮೇಲೆ. ಪ್ರಜ್ಞೆ ಇದೆ. ಅದೇ ಭಯ. ವೆರಾಂಡಕ್ಕೆ ಬಂದು ಬರೆಯುತ್ತಿದ್ದೇನೆ.

ಅಜ್ಜಂಪುರದಿಂದ ಅವಳ ತಮ್ಮ ಬೆನಕಪ್ಪ ಬಂದ. ನಮ್ಮೂರ ಮೇಲೆ ಹಾದು ಬಂದನಂತೆ.

"ಭಾವ, ಶುಕ್ರವಾರ ಇನ್ನೊಂದ್ ಗುಂಡಿ ಹರಾಜಂತೆ. ಮಳೆ ಬಿದ್ದೈತಲ್ಲ, ಸಣ್ಣಬೀರಪ್ಪನ ಮನೆ ಮಕ್ಳು ಮರಿ ಎಲ್ಲ ಹೊಲಕ್ಕಿಳಿದವ್ರೆ."

ಪುರಸಭೆ ಉತ್ತರ ಹೇಳಲಿ. ನನಗಲ್ಲ. ಕಚೇರಿಯೊಳಗಲ್ಲ. ಊರಿಗೆಲ್ಲ ಡಂಗುರ ಹೊಡೆಸಿ, ಸಂತೆಯಲ್ಲಿ ನಿಂತು ಹೇಳಲಿ. ಸೀಸೆ ಸುರಿದವರು ಯಾರು? ಸುರಿಯಲು ಬಿಟ್ಟವರು ಯಾರು? ಆ ಗೊಬ್ಬರ ಯಾರ ಯಾರ ಹೊಲದಲ್ಲಿದೆ? ಶುಕ್ರವಾರಕ್ಕೆ ಮುಂಚೆ ಹೇಳಲಿ. ಇನ್ನೊಂದು ಮಗು ಕಾಲಿಡುವ ಮುಂಚೆ —