ವಾಸನೆಯಿಲ್ಲವೆಂದ ಮೂಗು

ಆಗಸ್ಟ್ ೧೪, ಗುರುವಾರ. ಬ್ರಿಸ್ಬೇನ್.

ಸಂಜೆ ಕೊಳಚೆ ಶುದ್ಧೀಕರಣ ಘಟಕದಲ್ಲಿ, ಕೆಸರಿನ ಕೊಠಡಿಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಸಹಸಂಶೋಧಕಿ ಗ್ಲೆನಿಸ್ ದೂರದಿಂದಲೇ ಕೇಳಿದಳು: "ಅನಿಲ ಅಳೆಯೋ ಯಂತ್ರ ತರ್ಲಾ?"

"ವಾಸ್ನೇನೇ ಇಲ್ಲ. ಹೋಗಿ ಮಾದರಿ ತಗೋ" ಎಂದೆ.

"ಸರಿ, ಮೂಗಿನ ಮಹಾಪ್ರಭುಗಳ ಅಪ್ಪಣೆ ಆಯ್ತಲ್ಲ!"

ನಾನು ಮನೆಗೆ ಬಂದುಬಿಟ್ಟೆ. ಊಟಕ್ಕೆ ಕುಳಿತಾಗ ಹೊಳೆಯಿತು: ಕೊಳಚೆಯನ್ನು ತಿನ್ನುವ ಜೀವಾಣುಗಳು ಆರೋಗ್ಯದಿಂದಿದ್ದರೆ ಕೆಸರು ಹಸಿಮಣ್ಣಿನಂತೆ ಘಮಿಸುತ್ತದೆ, ಉಸಿರುಗಟ್ಟಿ ಸತ್ತರೆ ಕೊಳೆತ ಮೊಟ್ಟೆಯಂತೆ ನಾರುತ್ತದೆ. ವಾಸನೆಯೇ ಇಲ್ಲದ ಕೆಸರೆಂಬುದಿಲ್ಲ. ಹಾಗೆ ನಾರುವ ವಿಷಾನಿಲ ಮಿತಿಮೀರಿದಾಗ ಮೊದಲು ಮೂಗನ್ನು ಮರಗಟ್ಟಿಸುತ್ತದೆ, ಅನಂತರ ಮನುಷ್ಯನನ್ನು ಕೆಡವುತ್ತದೆ.

ಫೋನು ಮಾಡಿದೆ. ಉತ್ತರವಿಲ್ಲ. ಮತ್ತೆ ಮಾಡಿದೆ. ಕಾರಿನ ಕೀಲಿ ಕೈಗೆತ್ತಿಕೊಂಡಾಗ ಅವಳೇ ಕರೆದಳು.

"ಏನ್ರೀ ಇದು, ಸ್ನಾನಕ್ಕೂ ಬಿಡಲ್ವಾ?"

"ಒಳಗೆ ಹೋಗಿದ್ಯಾ?"

"ಎಲ್ಲಿ ಹೋಗ್ಲಿ? ಬಾಗಿಲು ದಾಟೋ ಮೊದಲೇ ಗಬ್ಬುನಾತ. ವಾಪಸ್ ಓಡಿಬಂದೆ. ನೀವು ತಮಾಷೆ ಮಾಡಿದ್ರಿ ಅಂದ್ಕೊಂಡೆ."

"ಹೌದು, ತಮಾಷೆ" ಎಂದೆ.

ಆಕೆ ಬದುಕಿದ್ದಾಳೆ. ಆದರೆ ಅದೇ ಬಾಗಿಲಲ್ಲಿ ಆಕೆಗೆ ಬಡಿದ ನಾತ ನನಗೆ ಬಡಿಯಲಿಲ್ಲವೆಂದರೆ, ನನ್ನ ಮೂಗನ್ನು ಕೆಡಿಸಿದ್ದು ಅನಿಲವಲ್ಲ. ಕಾಫಿಪುಡಿಯನ್ನು ಮೂಸಿದೆ. ಬೆಳ್ಳುಳ್ಳಿಯನ್ನು ಜಜ್ಜಿ ಮೂಸಿದೆ. ನೀಲಗಿರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡೆ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಎಂದಿನಿಂದ ಹೀಗೆ? ನನ್ನ ಮಾತನ್ನು ನಂಬಿ ಯಾರು ಯಾರು ಎಲ್ಲೆಲ್ಲಿ ಇಳಿದಿದ್ದಾರೆ? ಕಳೆದ ವಾರ ಕೆಸರಿನ ತೊಟ್ಟಿಯ ಬಳಿ ನಿಂತು, ವಾಸನೆ ಚೆನ್ನಾಗಿದೆ ಎಂದು ಎಲ್ಲರೆದುರು ಹೇಳಿದ್ದೆ. ಅಂದು ನಿಜವಾಗಿಯೂ ಏನಾದರೂ ಮೂಗಿಗೆ ಬಂದಿತ್ತೋ, ಇಲ್ಲವೇ ಬರಿಯ ನೆನಪನ್ನೇ ಮೂಸಿದ್ದೆನೋ.