ವಾಪಸು ಬಂದ ಎಲೆ-ಅಡಿಕೆ

ಕುಷ್ಟಗಿ, ಮಂಗಳವಾರ

ಅಡುಗೆಯ ಶಿವಲೀಲಕ್ಕನಿಗೆ ಪಾರ್ವತೆಮ್ಮನ ಶರಣು.

ಮಗಳು ದಾನೇಶ್ವರಿಯ ಮದುವೆ ಅಡುಗೆ ನಿಮ್ಮದೇ ಎಂದು ಕೊಟ್ಟಿದ್ದ ಎಲೆ-ಅಡಿಕೆಯನ್ನು ನೀವು ನಿನ್ನೆ ವಾಪಸು ಕಳಿಸಿದಿರಿ. ದೇವರ ಜಗುಲಿಯ ಮೇಲಿಟ್ಟಿದ್ದೇನೆ. ತಿನ್ನಲೂ ಆಗದು, ಬಿಸಾಡಲೂ ಆಗದು.

"ಬೀಗರು ಹೊಸಪೇಟಿ ಕೇಟರಿಂಗನವ್ರ ಬೇಕಂದಾರ" ಎಂದು ಫೋನಿನಲ್ಲಿ ಹೇಳಿದ್ದೆ. ಅದು ಸುಳ್ಳು ಅಕ್ಕಾ. ತಂಗಿಯ ಮನೆ ಮದುವೆಯಲ್ಲಿ ಅವರು ಟೋಪಿ, ಕೈಗವಸು ಹಾಕಿಕೊಂಡು ಬಡಿಸುವುದನ್ನು ನೋಡಿ ಆಸೆಪಟ್ಟವಳು ನಾನೇ.

ಇವತ್ತು ಬೆಳಿಗ್ಗೆ ಬೀಗಿತಿ ಫೋನ್ ಮಾಡಿದ್ದರು. "ನಿಶ್ಚಯದ ದಿನ ಗೋದಿ ಹುಗ್ಗಿ ಮಾಡಿದ ಅಕ್ಕಾರ ಮದಿವಿಗೂ ಮಾಡ್ತಾರಲ್ರಿ? ನಮ್ಮ ಮಂದಿಗೆಲ್ಲಾ ಹೇಳೀನಿ" ಅಂದರು. ನನ್ನ ಬಾಯಿಂದ "ಹೂಂರಿ" ಎಂದು ಬಂದುಬಿಟ್ಟಿತು.

ಮದುವೆ ಶುಕ್ರವಾರ, ಹೊಸಪೇಟೆಯವರನ್ನು ಈಗ ಬಿಡಿಸುವಂತಿಲ್ಲ. ಕಾರ್ಡು ಇದರ ಜೊತೆಗಿದೆ. ಅಡುಗೆಗಲ್ಲ, ಊಟಕ್ಕೆ ಬನ್ನಿ. ಮೊದಲ ಪಂಕ್ತಿಯಲ್ಲಿ ಬೀಗಿತಿಯ ಪಕ್ಕ ಕುಳಿತುಕೊಳ್ಳಿ. ಅವರು ಹುಗ್ಗಿ ಬಾಯಿಗಿಟ್ಟು ನಿಮ್ಮ ಮುಖ ನೋಡಿದರೆ, "ಇದು ನಂದಲ್ಲರಿ" ಎಂದು ಹೇಳಿಬಿಡಿ. ನನ್ನ ಮಾನಕ್ಕಾಗಿ ನಿಮ್ಮ ಕೈಯ ಹೆಸರು ಕೆಡುವುದು ಬೇಡ.

ಹೇಳುವಾಗ ನನ್ನ ಕಡೆ ಮಾತ್ರ ನೋಡಬೇಡಿ.

ನಿಮ್ಮ ತಂಗಿಯಂಥವಳು,
ಪಾರ್ವತೆಮ್ಮ